ಹಳ್ಳಿ ಮಕ್ಕಳ ಚೆಸ್ ಆಟ ಮತ್ತು ರೇಟಿಂಗ್ ಎಂಬ ಲೆಕ್ಕ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಜನವರಿ 2025)



ಈ ಶಾಲೆ 1974-75ರಲ್ಲಿ ಶುರುವಾಯಿತು. ನಾನು ಹುಟ್ಟಿದ್ದೂ 1974ರಲ್ಲಿ. ಹಾಗಾಗಿ ಶಾಲೆಗೂ ನನಗೂ ಒಂದೇ ವಯಸ್ಸು; ಇಬ್ಬರಿಗೂ ಸುಣ್ಣ ಬಣ್ಣ ಬೇಕಾಗಿತ್ತು, ಶಾಲೆಗೆ ಈಗ ಆಗಿದೆ. ನಾನು ದೊಡ್ಡ ಅಧಿಕಾರಿಯಲ್ಲ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನನ್ನನ್ನು ಕರೆದದ್ದು ಚೆಸ್ ವಿಷಯ ಮಾತಾಡಿ ಅಂತ. ಕಳೆದ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ ಅವರು ಡಿಂಗ್ ಲಿರೆನ್ ಅವರನ್ನು ಸೋಲಿಸಿ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಮೇಲೆ ಇದ್ದಕ್ಕಿದ್ದಂತೆ ನನಗೂ ಬೆಲೆ ಬಂದಿದೆ. ಹಾಲಿನ ಡೈರಿ ಹತ್ತಿರ ನಿಂತರೆ, "ಏನಪ್ಪಾ, ನೀನೂ ಅದೇ ಆಟ ತಾನೇ ಆಡೋದು? ನಿಂಗೆ ಎಷ್ಟು ಕೋಟಿ ಬಂತು?" ಅನ್ನುತ್ತಾರೆ.

ನಾನು ಚೆಸ್ ಕಲಿತದ್ದು ಈ ಶಾಲೆಯ ಹಿಂದಿನ ಹೊಂಗೆ ಮರದ ಕೆಳಗೆ. 1987ರಲ್ಲಿ ಎಂಟನೇ ತರಗತಿಗೆ ಸೇರಿದಾಗ ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿ ಒಂದು ವರ್ಷವಾಗಿತ್ತು. ನಮ್ಮ ಗಣಿತದ ಮೇಷ್ಟ್ರು ಒಂದು ರಟ್ಟಿನ ಮೇಲೆ ಇಂಕಿನಲ್ಲಿ 64 ಮನೆ ಬರೆದಿದ್ದರು. ಕಾಯಿಗಳಲ್ಲಿ ಒಂದು ಆನೆ ಕಳೆದುಹೋಗಿತ್ತು. ಅದರ ಜಾಗದಲ್ಲಿ ಔಷಧಿ ಬಾಟಲಿಯ ಮುಚ್ಚಳ. ಅದಕ್ಕೆ ಮುಂಚೆ ನಮಗೆ ಗೊತ್ತಿದ್ದದ್ದು ಅಳಿಗುಳಿಮಣೆ, ಚೌಕಾಬಾರ, ಜಗುಲಿಯ ಕಲ್ಲಿನ ಮೇಲೆ ಕೆತ್ತಿದ ಹುಲಿ-ಕುರಿ ಆಟ.

ಮೇಷ್ಟ್ರು ಕಲಿಸಿದ್ದು ಅವರ ತಾತ ಆಡುತ್ತಿದ್ದ ಚದುರಂಗ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗಬೇಕು. ರಾಜನಿಗೆ ಶಹ ಬೀಳದೆ ಇದ್ದರೆ ಆಟದಲ್ಲಿ ಒಂದು ಸಲ ಕುದುರೆಯಂತೆ ಹಾರಬಹುದು. ಕೋಟೆ ಕಟ್ಟುವುದು, ಅಂದರೆ ಈಗಿನ ಕ್ಯಾಸ್ಲಿಂಗ್, ನಮಗೆ ಗೊತ್ತೇ ಇರಲಿಲ್ಲ. 1988ರಲ್ಲಿ ಒಂದು ಅಂತರಶಾಲಾ ಸ್ಪರ್ಧೆಗೆ ಮೇಷ್ಟ್ರು ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ಎದುರಿಗಿದ್ದ ಹುಡುಗ ಒಂದೇ ಸಲಕ್ಕೆ ರಾಜನನ್ನೂ ಆನೆಯನ್ನೂ ಎತ್ತಿ ಇಟ್ಟ. ನಾನು ಎದ್ದು ನಿಂತು, "ಸಾ, ಇವನು ಮೋಸ ಮಾಡ್ತಾವ್ನೆ, ಎರಡು ಕಾಯಿ ಎತ್ತವ್ನೆ" ಅಂತ ಕೂಗಿದೆ. ಇಡೀ ಸಭಾಂಗಣ ನಕ್ಕಿತು. ಆಮೇಲೆ ನನ್ನ ರಾಜನನ್ನು ಕುದುರೆಯಂತೆ ಹಾರಿಸಿದೆ. ಆಗ ಇನ್ನೂ ಜೋರಾಗಿ ನಕ್ಕಿತು. ಅದೇ ವರ್ಷ ವಿಶ್ವನಾಥನ್ ಆನಂದ್ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು ಅನ್ನುವುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ.

ವಾಪಸ್ ಬರುವ ಬಸ್ಸಿನಲ್ಲಿ ಮೇಷ್ಟ್ರು ಯಲಹಂಕದವರೆಗೆ ಮಾತಾಡಲಿಲ್ಲ. ಆಮೇಲೆ, "ತಪ್ಪು ನಿಂದಲ್ಲ ಕಣೋ, ನಂದು. ಆಟ ಒಂದೇ, ಆದ್ರೆ ನಿಯಮ ಬರೆಯೋರು ಬೇರೆ ಎಲ್ಲೋ ಇದ್ದಾರೆ. ಅವರು ಯಾರು ಅಂತ ತಿಳ್ಕೋಬೇಕಿತ್ತು" ಅಂದರು. ನಾನು ಇವತ್ತು ಹೇಳಲು ಬಂದಿರುವುದು ಅದನ್ನೇ. ನಿಯಮ ಬರೆಯುವವರು, ಲೆಕ್ಕ ಇಡುವವರು ಯಾರು, ಅವರ ಪುಸ್ತಕದಲ್ಲಿ ನಮ್ಮ ಮಕ್ಕಳ ಹೆಸರು ಬರುವುದು ಹೇಗೆ.

ನನ್ನ ಹೆಸರು ಬಹಳ ವರ್ಷ ಬರಲಿಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸಿ ಕಾಲೇಜು ಸೇರಿದ ಮೇಲೆ ಗಣೇಶೋತ್ಸವ, ರಾಜ್ಯೋತ್ಸವ, ಯುವಕ ಸಂಘದ ವಾರ್ಷಿಕೋತ್ಸವ ಎಲ್ಲಿ ಚೆಸ್ ಸ್ಪರ್ಧೆ ಇದ್ದರೂ ಹೋಗುತ್ತಿದ್ದೆ. ನೆಲಮಂಗಲ, ಹೊಸಕೋಟೆ, ವಿಜಯಪುರ, ದೇವನಹಳ್ಳಿ ಎಲ್ಲಾ ಕಡೆ ಗೆದ್ದಿದ್ದೇನೆ. ಮನೆಯಲ್ಲಿ ಹದಿನಾಲ್ಕು ಕಪ್ಪುಗಳಿದ್ದವು. ನಮ್ಮಮ್ಮ ಒಂದರಲ್ಲಿ ಅರಿಶಿನ ಇಟ್ಟಿದ್ದರು. 1996ರಲ್ಲಿ ಒಂದು ದೊಡ್ಡ ಸಂಸ್ಥೆಯವರು ಕ್ರೀಡಾ ಕೋಟಾದಲ್ಲಿ ಗುಮಾಸ್ತರ ಹುದ್ದೆಗೆ ಅರ್ಜಿ ಕರೆದರು. ಪ್ರಮಾಣಪತ್ರಗಳನ್ನೆಲ್ಲ ಫೈಲಿಗೆ ಹಾಕಿ ತೆಗೆದುಕೊಂಡು ಹೋದೆ. ಅಲ್ಲಿದ್ದವರು ಒಂದೊಂದೇ ತಿರುವಿ ಹಾಕಿ, "ಇದಕ್ಕೆ ಮಾನ್ಯತೆ ಇಲ್ಲ, ಇದಕ್ಕೂ ಇಲ್ಲ" ಅಂತ ಬದಿಗೆ ಇಡುತ್ತಾ ಹೋದರು. ಕೊನೆಗೆ ಮೇಜಿನ ಮೇಲೆ ಉಳಿದದ್ದು ನನ್ನ ಅಂಕಪಟ್ಟಿ ಮಾತ್ರ. ಹತ್ತು ನಿಮಿಷದ ಕೆಲಸ. ಅವರು ಒರಟಾಗಿ ಮಾತಾಡಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. ಹದಿನಾಲ್ಕು ಕಡೆ ಗೆದ್ದದ್ದು ನಿಜ, ಆದರೆ ಅದು ಲೆಕ್ಕಕ್ಕೆ ಸೇರುವ ಕಡೆ ಎಲ್ಲೂ ಬರೆದಿರಲಿಲ್ಲ.

ಹಾಗಾದರೆ ಎಲ್ಲಿ ಬರೆಯುತ್ತಾರೆ? ಮೇಲಿನಿಂದ ಹೇಳುತ್ತೇನೆ. ಜಗತ್ತಿಗೆಲ್ಲ ಒಂದು ಸಂಸ್ಥೆ, ಫಿಡೆ. 1924ರ ಜುಲೈ 20ರಂದು ಪ್ಯಾರಿಸ್‌ನಲ್ಲಿ ಹುಟ್ಟಿತು. ನಮ್ಮ ಶಾಲೆಗೆ 50 ತುಂಬುವ ಹೊತ್ತಿಗೆ ಅದಕ್ಕೆ 100 ತುಂಬಿತು. ಅದರ ಕೆಳಗೆ ದೇಶಕ್ಕೊಂದು ಸಂಸ್ಥೆ. ನಮ್ಮದು 1951ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಚೆಸ್ ಫೆಡರೇಷನ್. ಅದರ ಕೆಳಗೆ ರಾಜ್ಯ ಸಂಘ, ಅದರ ಕೆಳಗೆ ಜಿಲ್ಲಾ ಸಂಘ. ನಮ್ಮ ಪಂಚಾಯಿತಿ ವ್ಯವಸ್ಥೆಯಂತೆಯೇ ಅಂದುಕೊಳ್ಳಿ. ಊರಿನ ಅರ್ಜಿ ನೇರವಾಗಿ ದೆಹಲಿಗೆ ಹೋಗುವುದಿಲ್ಲ, ಹಾಗೆಯೇ ಆಟಗಾರ ನೇರವಾಗಿ ಫಿಡೆಯ ಸದಸ್ಯನಾಗಲು ಬರುವುದಿಲ್ಲ. ತನ್ನ ದೇಶದ ಫೆಡರೇಷನ್ ಮೂಲಕವೇ ಹೋಗಬೇಕು.

ಇಲ್ಲಿ ಎರಡು ಸಂಖ್ಯೆಗಳಿವೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಫೆಡರೇಷನ್ನಿನಲ್ಲಿ ಮಾಡಿಸುವ ನೋಂದಣಿ ಒಂದು. ನಾನು ಸೇರಿದಾಗ ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. ಶುಲ್ಕವೂ ಕ್ರಮವೂ ಆಗಾಗ ಬದಲಾಗುತ್ತವೆ, ಆಯಾ ವರ್ಷದ ಸುತ್ತೋಲೆ ನೋಡಿಕೊಳ್ಳಬೇಕು. ಇನ್ನೊಂದು ಫಿಡೆ ಸಂಖ್ಯೆ. ಅದು ಒಮ್ಮೆ ಬಂದರೆ ಜೀವನಪೂರ್ತಿ ಅದೇ. ಆನಂದ್ ಅವರದು 5000017. ನನ್ನದು ಎಂಟು ಅಂಕಿಯದು, ಆದರೂ ಅದೇ ಪುಸ್ತಕದಲ್ಲಿದೆ. ನೋಂದಣಿ ನಿಂತರೂ ಫಿಡೆ ಸಂಖ್ಯೆ ಹೋಗುವುದಿಲ್ಲ. ಆದರೆ ನೋಂದಣಿ ಇಲ್ಲದವರನ್ನು ಅಧಿಕೃತ ಪಂದ್ಯಾವಳಿಗೆ ಸೇರಿಸಿಕೊಳ್ಳುವುದಿಲ್ಲ.

ಶಿಕ್ಷಕರಿಗೆ ಒಂದು ಮಾತು. ಈ ನೋಂದಣಿಗೆ ಜನನ ಪ್ರಮಾಣಪತ್ರ ಬೇಕು. ನಮ್ಮ ಮಕ್ಕಳ ಹೆಸರು ಜನನ ಪತ್ರದಲ್ಲಿ ಒಂದು ಥರ, ಶಾಲಾ ದಾಖಲಾತಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇರುತ್ತದೆ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಇಲ್ಲವೇ ಇಲ್ಲ. ಇದನ್ನು ಎಂಟನೇ ತರಗತಿಗೆ ಸೇರಿಸುವಾಗಲೇ ಸರಿಮಾಡಿಸಿದರೆ ದೊಡ್ಡ ಉಪಕಾರ. ಚೆಸ್‌ಗೆ ಮಾತ್ರವಲ್ಲ, ಎಲ್ಲದಕ್ಕೂ.

ಇನ್ನೊಂದು ಮಾತು. ಇಲಾಖೆಯ ಹೋಬಳಿ, ತಾಲ್ಲೂಕು, ಜಿಲ್ಲಾ ಕ್ರೀಡಾಕೂಟಗಳಲ್ಲಿ ಚೆಸ್ ಇದೆ. ಅದಕ್ಕೆ ಅದರದೇ ಬೆಲೆ ಇದೆ, ಮಕ್ಕಳನ್ನು ಖಂಡಿತ ಕಳಿಸಿ. ಆದರೆ ಅಲ್ಲಿ ಆಡಿದ ಆಟಗಳು ಫಿಡೆ ರೇಟಿಂಗ್‌ಗೆ ಸೇರುವುದಿಲ್ಲ. ರೇಟಿಂಗ್‌ಗೆ ಸೇರಬೇಕಾದರೆ ಪಂದ್ಯಾವಳಿಯನ್ನು ಫೆಡರೇಷನ್ ಮೂಲಕ ಮೊದಲೇ ಫಿಡೆಯಲ್ಲಿ ದಾಖಲಿಸಿರಬೇಕು, ಪರವಾನಗಿ ಇರುವ ಆರ್ಬಿಟರ್ ಇರಬೇಕು, ಆಟಗಾರರು ನಡೆಗಳನ್ನು ಬರೆಯಬೇಕು.

ನಾನು ಅಂಥ ಮೊದಲ ಪಂದ್ಯಾವಳಿ ಆಡಿದ್ದು 2015ರಲ್ಲಿ, 41ನೇ ವಯಸ್ಸಿನಲ್ಲಿ, ಬೆಂಗಳೂರಿನ ಒಂದು ಖಾಸಗಿ ಶಾಲೆಯ ಸಭಾಂಗಣದಲ್ಲಿ. ಎದುರಾಳಿಗೆ ಒಂಬತ್ತು ವರ್ಷ. ಕುರ್ಚಿಯ ಮೇಲೆ ಮೊಣಕಾಲೂರಿ ಕೂತಿದ್ದ, ಇಲ್ಲದಿದ್ದರೆ ಮಣೆ ಕಾಣುತ್ತಿರಲಿಲ್ಲ. ನಾಲ್ಕು ನಡೆ ಆದ ಮೇಲೆ ಪಿಸುಮಾತಿನಲ್ಲಿ, "ಅಂಕಲ್, ಬರ್ಕೋಬೇಕು" ಅಂದ. ನನಗೆ ಬರೆಯುವ ಕ್ರಮ ಗೊತ್ತಿರಲಿಲ್ಲ. ಆರ್ಬಿಟರ್ ಬಂದು ತಾಳ್ಮೆಯಿಂದ ತೋರಿಸಿಕೊಟ್ಟರು. ಅಡ್ಡಲಾಗಿ ಎ ಇಂದ ಎಚ್, ಉದ್ದಕ್ಕೆ 1ರಿಂದ 8, ಅಷ್ಟೇ. ಇಂಗ್ಲಿಷ್ ಬರುವುದಿಲ್ಲ ಎಂದು ನಮ್ಮ ಮಕ್ಕಳು ಇದಕ್ಕೆ ಹೆದರಬೇಕಾಗಿಲ್ಲ. ಕಾಯಿಯ ಹೆಸರಿಗೆ ತಮ್ಮ ನಾಡಿನಲ್ಲಿ ಬಳಕೆಯಲ್ಲಿರುವ ಹೆಸರಿನ ಮೊದಲ ಅಕ್ಷರ ಬಳಸಬಹುದು ಎಂದು ಫಿಡೆಯ ನಿಯಮದಲ್ಲೇ ಇದೆ. ಆ ಹುಡುಗ 31 ನಡೆಯಲ್ಲಿ ನನ್ನನ್ನು ಸೋಲಿಸಿ, ಕೈಕುಲುಕಿ, ಹೊರಗೆ ಓಡಿಹೋಗಿ ಅವರಮ್ಮನ ಹತ್ತಿರ ಬಿಸ್ಕತ್ತು ಕೇಳಿದ.

ಸೋತರೂ ಮನೆಗೆ ಹೋಗಬೇಕಾಗಿಲ್ಲ, ಅದು ಈ ಪಂದ್ಯಾವಳಿಗಳ ಒಳ್ಳೆಯ ಗುಣ. ಸ್ವಿಸ್ ಪದ್ಧತಿ ಅನ್ನುತ್ತಾರೆ. ಎಲ್ಲರೂ ಎಲ್ಲ ಸುತ್ತೂ ಆಡುತ್ತಾರೆ. ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು ಜೋಡಿಯಾಗುತ್ತಾರೆ. ನಾನು ಹೆಚ್ಚಾಗಿ ಕೊನೆಯ ಮೇಜುಗಳಲ್ಲಿ, ಶೌಚಾಲಯದ ಬಾಗಿಲ ಹತ್ತಿರ ಆಡಿದ್ದೇನೆ.

ಈಗ ರೇಟಿಂಗ್. ಇದನ್ನು ಕಂಡುಹಿಡಿದವರು ಅರ್ಪಾದ್ ಎಲೋ, ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದವರು. ಅಮೆರಿಕದ ಚೆಸ್ ಫೆಡರೇಷನ್ 1960ರಲ್ಲಿ, ಫಿಡೆ 1970ರಲ್ಲಿ ಅವರ ಪದ್ಧತಿಯನ್ನು ಒಪ್ಪಿಕೊಂಡವು. ಅದರ ತಿರುಳು ಬಹಳ ಸರಳ. ಗೆದ್ದೆಯಾ ಸೋತೆಯಾ ಎಂದಷ್ಟೇ ಕೇಳುವುದಿಲ್ಲ, ಯಾರ ಮೇಲೆ ಎಂದೂ ಕೇಳುತ್ತದೆ. ಇಬ್ಬರ ರೇಟಿಂಗ್ ನಡುವೆ 200 ಅಂಕ ವ್ಯತ್ಯಾಸ ಇದ್ದರೆ ಬಲಿಷ್ಠ ಆಟಗಾರನಿಂದ 100 ಆಟಕ್ಕೆ 76 ಅಂಕ ನಿರೀಕ್ಷೆ, ದುರ್ಬಲನಿಂದ 24. ನಿರೀಕ್ಷೆಗಿಂತ ಹೆಚ್ಚು ಬಂದರೆ ಏರುತ್ತದೆ, ಕಡಿಮೆ ಬಂದರೆ ಇಳಿಯುತ್ತದೆ. ನನ್ನ ಮಟ್ಟದ ವಯಸ್ಕರಿಗೆ ಆ ವ್ಯತ್ಯಾಸವನ್ನು 20ರಿಂದ ಗುಣಿಸುತ್ತಾರೆ. ನನಗಿಂತ 200 ಅಂಕ ಮೇಲಿರುವವರನ್ನು ಸೋಲಿಸಿದರೆ 0.76 ಗುಣಿಸು 20, ಅಂದರೆ 15.2 ಅಂಕ ಸಿಗುತ್ತದೆ. ಸೋತರೆ ಹೋಗುವುದು 4.8 ಮಾತ್ರ. ಹೊಸಬರಿಗೆ ಮೊದಲ 30 ಆಟಗಳವರೆಗೆ, ಹದಿನೆಂಟರೊಳಗಿನ ಮಕ್ಕಳಿಗೆ 2300 ತಲುಪುವವರೆಗೆ, 20ರ ಬದಲು 40. ಮಕ್ಕಳು ಬೇಗ ಕಲಿಯುತ್ತಾರೆ, ಹಾಗಾಗಿ ಅಂಕವೂ ಬೇಗ ಓಡಬೇಕು ಎಂದು. ನಮ್ಮ ಗಣಿತದ ಮೇಷ್ಟ್ರು ಇದ್ದಿದ್ದರೆ ಇದನ್ನು ಕಪ್ಪು ಹಲಗೆಯ ಮೇಲೆ ಬರೆದು ಮೂರು ದಿನ ಪಾಠ ಮಾಡುತ್ತಿದ್ದರು.

ಫಿಡೆ ಮಾಸ್ಟರ್‌ಗೆ 2300, ಇಂಟರ್‌ನ್ಯಾಷನಲ್ ಮಾಸ್ಟರ್‌ಗೆ 2400, ಗ್ರ್ಯಾಂಡ್‌ಮಾಸ್ಟರ್‌ಗೆ 2500 ಮುಟ್ಟಬೇಕು, ಕೊನೆಯ ಎರಡಕ್ಕೆ ನಾರ್ಮ್‌ಗಳೂ ಬೇಕು. ಅದು ಬೆಟ್ಟದ ತುದಿ. ನಮ್ಮಂಥವರದು ಬೆಟ್ಟದ ಬುಡದ ಕಥೆ. ನನಗೆ 2016ರಲ್ಲಿ ಮೊದಲ ರೇಟಿಂಗ್ ಬಂತು, 1180. ಎಂಟು ವರ್ಷ ಭಾನುವಾರಗಳನ್ನೆಲ್ಲ ಸುರಿದು 1216 ಮಾಡಿಕೊಂಡೆ. 36 ಅಂಕ! ನನ್ನ ಹೆಂಡತಿ ಬಸ್ ಚಾರ್ಜಿನ ಲೆಕ್ಕ ಹಾಕಿ ಒಂದು ಅಂಕಕ್ಕೆ ಎಷ್ಟು ಬಿತ್ತು ಎಂದು ಹೇಳಿದಳು. ಅದನ್ನು ಇಲ್ಲಿ ಹೇಳುವುದಿಲ್ಲ. ಆಮೇಲೆ 2024ರ ಮಾರ್ಚ್ 1ಕ್ಕೆ ನೋಡಿದರೆ 1530 ಆಗಿತ್ತು. ಮಲಗಿ ಏಳುವಷ್ಟರಲ್ಲಿ 314 ಅಂಕ. ಯಾರೋ ವಾಟ್ಸಾಪ್‌ನಲ್ಲಿ ಅಭಿನಂದನೆ ಹಾಕಿದರು, ಒಬ್ಬರು ಹಾರ ತರುವವರಿದ್ದರು. ಆದದ್ದು ಇಷ್ಟು: ಕೆಳಗಿನ ರೇಟಿಂಗ್‌ಗಳು ನಿಜವಾದ ಶಕ್ತಿಗಿಂತ ಕಡಿಮೆಯಾಗಿ ಕುಸಿದಿವೆ ಎಂದು ಫಿಡೆ 2000ಕ್ಕಿಂತ ಕೆಳಗಿನವರಿಗೆಲ್ಲ ಒಂದು ಬಾರಿ ಸರಿಪಡಿಸಿತು. 2000ಕ್ಕೆ ಎಷ್ಟು ಕಡಿಮೆ ಇದೆಯೋ ಅದರ ನೂರಕ್ಕೆ 40 ಭಾಗ ಸೇರಿಸಿತು. ನನಗೆ 784 ಕಡಿಮೆ ಇತ್ತು. ಕನಿಷ್ಠ ರೇಟಿಂಗ್ 1000ದಿಂದ 1400 ಆಯಿತು. ನನ್ನ ಜೊತೆ ನನ್ನನ್ನು ಸೋಲಿಸುತ್ತಿದ್ದವರೂ ಮೇಲಕ್ಕೆ ಹೋದರು. ಹಾಗಾಗಿ ಹಾರ ಬೇಡ ಎಂದೆ.

ಹಾಗೆಂದು ಮೇಲೆ ಕೂತವರ ಲೆಕ್ಕ ಯಾವಾಗಲೂ ನ್ಯಾಯವಾಗಿಯೇ ಇರುತ್ತದೆ ಎಂದು ನಾನು ಹೇಳಲಾರೆ. ಕೆಲವು ವರ್ಷಗಳ ಹಿಂದೆ ದೇಶದಲ್ಲಿ ಚೆಸ್ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಇನ್ನೊಂದು ಸಂಸ್ಥೆ ಹುಟ್ಟಿಕೊಂಡು ಪಂದ್ಯಾವಳಿ ನಡೆಸಿತು. ಅಲ್ಲಿ ಹೋಗಿ ಆಡಿದವರ ಮೇಲೆ ಅಖಿಲ ಭಾರತ ಫೆಡರೇಷನ್ ನಿಷೇಧ ಹೇರಿತು. ಮಾನ್ಯತೆಯಿಲ್ಲದ ಪಂದ್ಯ ಆಡುವುದಿಲ್ಲ ಎಂದು ಆಟಗಾರರಿಂದ ಮುಚ್ಚಳಿಕೆ ಬರೆಸಿಕೊಳ್ಳುವ ಪದ್ಧತಿ ಇತ್ತು. ಕಷ್ಟಪಟ್ಟು ಗಳಿಸಿದ ರೇಟಿಂಗನ್ನೇ ಹಲವರು ಕಳೆದುಕೊಂಡರು. ಅವರಲ್ಲಿ ಕೆಲವರು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದರು, ವಿಷಯ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಬಂತು. ಸಿಮೆಂಟ್ ಕಂಪನಿಗಳಂಥವರ ವ್ಯವಹಾರ ನೋಡುವ ಆಯೋಗ ಅದು. 2018ರ ಜುಲೈನಲ್ಲಿ ಆಯೋಗ, ಫೆಡರೇಷನ್ ತನ್ನ ಮೇಲುಗೈಯನ್ನು ದುರುಪಯೋಗ ಮಾಡಿದೆ ಎಂದು ಹೇಳಿ 6.92 ಲಕ್ಷ ರೂಪಾಯಿ ದಂಡ ಹಾಕಿತು. ದಂಡ ಸಣ್ಣದು. ಆದರೆ ಒಬ್ಬ ಆಟಗಾರ ಎಲ್ಲಿ ಆಡಬೇಕು ಎಂಬುದನ್ನು ಒಂದು ಸಂಸ್ಥೆ ಮನಬಂದಂತೆ ಕಟ್ಟಿಹಾಕಬಾರದು ಎಂದು ಕಾನೂನಿನ ಬಾಯಲ್ಲಿ ಹೇಳಿಸಿದ್ದು ಸಣ್ಣ ಕೆಲಸವಲ್ಲ. ಅದನ್ನು ಮಾಡಿಸಿದವರು ವಿಶ್ವ ಚಾಂಪಿಯನ್ನರಲ್ಲ, ಸಾಮಾನ್ಯ ಆಟಗಾರರು.

ನಮ್ಮ ರಾಜ್ಯದಲ್ಲೂ ಒಂದಕ್ಕಿಂತ ಹೆಚ್ಚು ಸಂಘಗಳ ಹೆಸರು ಕೇಳಿಬಂದಿದೆ. ಯಾರು ಸರಿ, ಯಾರು ತಪ್ಪು ಎಂದು ಹೇಳುವುದು ನನ್ನ ಕೆಲಸವಲ್ಲ. ತಂದೆತಾಯಿಗಳು ಮಾಡಬೇಕಾದದ್ದು ಒಂದು ಸಣ್ಣ ಕೆಲಸ. ಕರಪತ್ರದಲ್ಲಿ "ರೇಟಿಂಗ್ ಪಂದ್ಯಾವಳಿ" ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದರೆ, ದುಡ್ಡು ಕಟ್ಟುವ ಮುಂಚೆ ಫಿಡೆಯ ಜಾಲತಾಣದಲ್ಲಿ ಭಾರತದ ಪಂದ್ಯಾವಳಿಗಳ ಪಟ್ಟಿಯಲ್ಲಿ ಅದರ ಹೆಸರು ಇದೆಯೇ ನೋಡಿ. ನೋಡಲು ಬರದಿದ್ದರೆ ನನಗೆ ಫೋನ್ ಮಾಡಿ, ನಾನು ನೋಡಿ ಹೇಳುತ್ತೇನೆ. ಕಪ್ಪಿನ ಎತ್ತರ ನೋಡಿ ಮೋಸ ಹೋಗಬೇಡಿ. ನಮ್ಮ ಮನೆಯ ಅರಿಶಿನದ ಕಪ್ಪು ಎರಡು ಅಡಿ ಇತ್ತು.

ಕರ್ನಾಟಕದ ಮಾತು ಬಂತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು ಮಣೆಯ ಎಲ್ಲ ಮನೆಗಳಲ್ಲೂ ಒಂದೊಂದೇ ಸಲ ಓಡಿಸುವ ಲೆಕ್ಕಗಳನ್ನು ಕಟ್ಟುತ್ತಿದ್ದರು. ಅಂಥ ನಾಡು ನಮ್ಮದು. ಆದರೂ ಭಾರತಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ 1988ರಲ್ಲಿ ಬಂದರೆ ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಬಂದದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜಕುಮಾರ್. 29 ವರ್ಷ ಬೇಕಾಯಿತು. ಅವರು ಬಾಲಪ್ರತಿಭೆಯ ವಯಸ್ಸು ದಾಟಿ, ರೈಲ್ವೆ ನೌಕರಿಯ ಜೊತೆಗೇ ಆಡುತ್ತಾ ಅಲ್ಲಿಗೆ ಮುಟ್ಟಿದವರು, ಅದಕ್ಕೇ ನನಗೆ ಅವರ ಮೇಲೆ ವಿಶೇಷ ಗೌರವ. ಆಮೇಲೆ ವೇಗ ಬಂತು. 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಗ್ರ್ಯಾಂಡ್‌ಮಾಸ್ಟರ್ ಆದರು, ಅದೇ ವರ್ಷ 16 ವರ್ಷದೊಳಗಿನವರ ವಿಶ್ವ ಚಾಂಪಿಯನ್ನೂ ಆದರು.

ನೆರೆಯ ತಮಿಳುನಾಡು ಏಕೆ ಅಷ್ಟು ಮುಂದೆ ಹೋಯಿತು? ಕಾರಣಗಳು ಹಲವು. ನನಗೆ ಮುಖ್ಯವಾಗಿ ಕಾಣುವುದು ಕ್ಲಬ್ಬು. ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಮ್ಯಾನುಯಲ್ ಆರನ್ ಅವರು 1972ರಲ್ಲಿ ಚೆನ್ನೈನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಮಿಖಾಯಿಲ್ ತಾಲ್ ಹೆಸರಿನ ಚೆಸ್ ಕ್ಲಬ್ ಶುರುಮಾಡಿದರು. ಹುಡುಗ ಆನಂದ್ ಅಲ್ಲಿ ಆಡಿ ಬೆಳೆದರು. ಒಂದು ಕೋಣೆ, ಮಣೆಗಳು, ತಪ್ಪದೆ ಬರುವ ನಾಲ್ಕು ಜನ. ಇಂಗ್ಲೆಂಡಿನಂಥ ದೇಶಗಳಲ್ಲಿ ಒಂದು ಊರಿನ ಕ್ಲಬ್ಬು ಇನ್ನೊಂದು ಊರಿನ ಕ್ಲಬ್ಬಿನ ಜೊತೆ ಸಂಜೆ ಹೊತ್ತು ಆಡುವ ಲೀಗ್ ಆಟಕ್ಕೂ ಅಲ್ಲಿನ ಫೆಡರೇಷನ್ ರೇಟಿಂಗ್ ಲೆಕ್ಕ ಇಡುತ್ತದೆ. ಅಂಚೆಯವನು, ಬಡಗಿ, ಮೇಷ್ಟ್ರು ಎಲ್ಲರೂ ಕೆಲಸ ಮುಗಿಸಿ ಹೋಗಿ ಆಡಬಹುದು. ನಮ್ಮಲ್ಲಿ ಹಾಗಲ್ಲ. ರೇಟಿಂಗ್ ಬೇಕಾದರೆ ಮೂರು-ನಾಲ್ಕು ದಿನ ರಜೆ ಹಾಕಿ ಬೆಂಗಳೂರಿಗೆ ಹೋಗಬೇಕು. ಸದಸ್ಯತ್ವದ ಶುಲ್ಕ ಹೊರೆಯಲ್ಲ, ಪ್ರವೇಶ ಶುಲ್ಕ ಹೊರೆ. ಹೋದ ಸಲ ನಾನು ಎರಡು ಸಾವಿರ ಕಟ್ಟಿದೆ. ಬಸ್ಸು, ಊಟ ಬೇರೆ. ಮಗ್ಗದ ಕೂಲಿಯಲ್ಲಿ ಬದುಕುವ ಮನೆಗೆ ಇದು ಆಗುವ ಮಾತೇ?

ಈಗ ಆ ಮನೆಯ ವಿಷಯಕ್ಕೆ ಬರುತ್ತೇನೆ, ನಾನು ಬಂದದ್ದೇ ಅದಕ್ಕೆ. ಈ ಶಾಲೆಯ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಹೆಸರು ಹೇಳುವುದಿಲ್ಲ, ಅವಳಿಗೆ ನಾಚಿಕೆ. ಅವರಪ್ಪ ವಿದ್ಯುತ್ ಮಗ್ಗದಲ್ಲಿ ಸೀರೆ ನೇಯುತ್ತಾರೆ. ಮಗ್ಗದ ಸದ್ದಿನಲ್ಲೇ ಕೂತು ಯೋಚನೆ ಮಾಡಿ ಅಭ್ಯಾಸವಾದವಳು, ಎದುರಿಗೆ ಯಾರು ಕೆಮ್ಮಿದರೂ ಕುರ್ಚಿ ಎಳೆದರೂ ಅವಳಿಗೆ ಪರಿವೆಯೇ ಇಲ್ಲ. ನನ್ನನ್ನು ಹತ್ತಕ್ಕೆ ಆರು ಸಲ ಸೋಲಿಸುತ್ತಾಳೆ. 2024ರ ಏಪ್ರಿಲ್‌ನಲ್ಲಿ ನಾವು ಮೂರು ಜನ ಗೆಳೆಯರು ಸೇರಿ ಅವಳ ನೋಂದಣಿ ಮಾಡಿಸಿ ಒಂದು ರೇಟಿಂಗ್ ಪಂದ್ಯಾವಳಿಗೆ ಕಳಿಸಿದೆವು. ಅವರಪ್ಪ ಮಗ್ಗ ನಿಲ್ಲಿಸಿ ಜೊತೆಗೆ ಬಂದರು.

ಅಲ್ಲಿ ಅವಳಿಗೆ ರೇಟಿಂಗ್ ಇರುವ ಎದುರಾಳಿಗಳು ಸಿಕ್ಕಿದ್ದು ಮೂರೇ ಜನ: 1450, 1520, 1630. ಒಂದು ಗೆಲುವು, ಒಂದು ಡ್ರಾ, ಒಂದು ಸೋಲು. ಉಳಿದವರು ಅವಳಂತೆಯೇ ರೇಟಿಂಗ್ ಇಲ್ಲದ ಮಕ್ಕಳು, ಆ ಆಟಗಳು ಅವಳ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ರೇಟಿಂಗ್ ಬರಬೇಕಾದರೆ ರೇಟಿಂಗ್ ಇರುವವರ ಮೇಲೆ ಕನಿಷ್ಠ ಐದು ಆಟ ಆಗಬೇಕು. ಅವು ಬೇರೆ ಬೇರೆ ಪಂದ್ಯಾವಳಿಯಲ್ಲಿ ಆಗಬಹುದು, ಆದರೆ 26 ತಿಂಗಳ ಒಳಗೆ ಆಗಬೇಕು. ಇನ್ನೂ ಎರಡು ಆಟ ಬೇಕು.

ಒಂದು ಲೆಕ್ಕ ತೋರಿಸುತ್ತೇನೆ, ಮಕ್ಕಳು ಬರೆದುಕೊಳ್ಳಿ. ಮುಂದಿನ ಎರಡು ಆಟ 1480 ಮತ್ತು 1520 ಇರುವವರ ಮೇಲೆ ಆಗಿ ಅವಳಿಗೆ ಒಂದು ಡ್ರಾ, ಒಂದು ಸೋಲು ಬಂತು ಅಂದುಕೊಳ್ಳೋಣ. ಐದು ಎದುರಾಳಿಗಳ ಮೊತ್ತ 7600. ಈಗಿನ ನಿಯಮದಂತೆ ಇದಕ್ಕೆ 1800 ರೇಟಿಂಗಿನ ಇಬ್ಬರು ಕಾಲ್ಪನಿಕ ಎದುರಾಳಿಗಳನ್ನು ಸೇರಿಸಿ, ಅವರ ಜೊತೆ ಡ್ರಾ ಆಯಿತು ಎಂದು ಹಿಡಿಯುತ್ತಾರೆ. ಮೊತ್ತ 11200, ಏಳರಿಂದ ಭಾಗಿಸಿದರೆ ಸರಾಸರಿ 1600. ಅವಳ ಅಂಕ ಏಳಕ್ಕೆ ಮೂರು, ನೂರಕ್ಕೆ 43. ಫಿಡೆಯ ಕೋಷ್ಟಕದಲ್ಲಿ 43ಕ್ಕೆ 50 ಕಳೆಯಬೇಕು. ರೇಟಿಂಗ್ 1550. ನನಗಿಂತ 20 ಹೆಚ್ಚು! ಅಷ್ಟು ಕಡಿಮೆ ಆಡಿದರೂ ಅಷ್ಟು.

ಆದರೆ ಕಳೆದ ಏಪ್ರಿಲ್‌ನಿಂದ 26 ತಿಂಗಳು ಎಂದರೆ 2026ರ ಮೇ-ಜೂನ್ ಹೊತ್ತಿಗೆ ಮುಗಿಯುತ್ತದೆ. ಮುಂದಿನ ವರ್ಷ ಅವಳಿಗೆ ಎಸ್‌ಎಸ್‌ಎಲ್‌ಸಿ. ಆ ವರ್ಷ ಮಣೆ ಮುಟ್ಟಿಸುವುದಿಲ್ಲ ಎಂದು ಅವರಮ್ಮ ಹೇಳಿದ್ದಾರೆ. ಆ ತಾಯಿಯ ಮಾತು ತಪ್ಪು ಎನ್ನುವ ಧೈರ್ಯ ನನಗಿಲ್ಲ. ಉಳಿದಿರುವುದು ಈ ಬೇಸಿಗೆ ರಜೆ. ಇದು ತಪ್ಪಿದರೆ ಆ ಮೂರು ಆಟಗಳೂ ನನ್ನ ಹದಿನಾಲ್ಕು ಕಪ್ಪುಗಳ ಜೊತೆ ಸೇರುತ್ತವೆ.

ಹೋದ ವಾರ ಅವರಪ್ಪ ಕೇಳಿದರು. "ಅಣ್ಣ, ನೀವು ಹೇಳೋದೆಲ್ಲಾ ಸರಿ. ಈ ನಂಬರ್ ಬಂದ್ರೆ ನಮ್ ಹುಡುಗಿಗೆ ಏನು ಸಿಗುತ್ತೆ?" ನಾನು ಕೆಲಸ ಸಿಗುತ್ತದೆ, ಸೀಟು ಸಿಗುತ್ತದೆ ಎಂದು ಸುಳ್ಳು ಹೇಳಲಿಲ್ಲ. 1550ಕ್ಕೆ ಅದೇನೂ ಸಿಗುವುದಿಲ್ಲ. "ಅವಳು ಆಡಿದ್ದು ಒಂದು ಕಡೆ ಬರೆದಿರುತ್ತೆ ತಮ್ಮಾ. ಯಾರೂ ಬದಿಗೆ ಇಡೋಕಾಗಲ್ಲ. ಮುಂದೆ ಏರಿಸೋದು ಬಿಡೋದು ಅವಳ ಕೈಲಿರುತ್ತೆ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇ ತಿಂಗಳಲ್ಲಿ ಮದುವೆ ಸೀರೆ ಆರ್ಡರ್ ಜಾಸ್ತಿ. ಏಪ್ರಿಲ್ ಆದ್ರೆ ನಾನೇ ಕರ್ಕೊಂಡು ಬರ್ತೀನಿ" ಎಂದರು.

ಅದಕ್ಕೆ ಹಳೆಯ ವಿದ್ಯಾರ್ಥಿ ಸಂಘದವರ ಮುಂದೆ ನನ್ನ ಬೇಡಿಕೆ ಇಷ್ಟು. ಈ ಮಹೋತ್ಸವಕ್ಕೆ ಎತ್ತಿದ ಹಣದಲ್ಲಿ ಊಟ, ಶಾಮಿಯಾನ, ಈ ಸಂಚಿಕೆಯ ಖರ್ಚು ಕಳೆದು ಉಳಿದದ್ದರಲ್ಲಿ ಸ್ವಲ್ಪ ಭಾಗವನ್ನು ವರ್ಷಕ್ಕೆ ಆರು ಮಕ್ಕಳ ನೋಂದಣಿ ಮತ್ತು ತಲಾ ಒಂದು ಪಂದ್ಯಾವಳಿಯ ಪ್ರವೇಶ ಶುಲ್ಕಕ್ಕೆ ಎತ್ತಿಡಿ. ಆರರಲ್ಲಿ ಮೂವರು ಹುಡುಗಿಯರಾಗಿರಲಿ. ಬೀರಸಂದ್ರದ ಜಿಲ್ಲಾಡಳಿತ ಭವನದ ತನಕ ಮನವಿ ಹಿಡಿದು ಓಡಾಡುವುದನ್ನು ಆಮೇಲೆ ಮಾಡೋಣ, ಅದಕ್ಕೆ ಸಮಯ ಹಿಡಿಯುತ್ತದೆ. ಏಪ್ರಿಲ್‌ಗೆ ಇನ್ನು ಮೂರೇ ತಿಂಗಳು.

ಮುಖ್ಯೋಪಾಧ್ಯಾಯರು ಹಳೆಯ ವಿಜ್ಞಾನ ಕೊಠಡಿಯ ಬೀಗದ ಕೈ ಕೊಡಲು ಒಪ್ಪಿದ್ದಾರೆ. ಮುಂದಿನ ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ನಾನು ಅಲ್ಲಿರುತ್ತೇನೆ. ಹತ್ತು ಮಣೆ, ಎರಡು ಗಡಿಯಾರ ತಂದಿದ್ದೇನೆ. ಮಕ್ಕಳು ಒಂದು ನೋಟ್ ಪುಸ್ತಕ, ಪೆನ್ನು ತನ್ನಿ. ಮೊದಲ ದಿನದಿಂದಲೇ ನಡೆ ಬರೆಯಬೇಕು. ದೊಡ್ಡವರೂ ಬರಬಹುದು. ತಾತನ ಕಾಲದ ಆಟ ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಬನ್ನಿ, ನಿಮ್ಮ ಜೊತೆ ಒಂದು ಆಟ ಆ ನಿಯಮದಲ್ಲೇ ಆಡೋಣ, ರಾಜ ಕುದುರೆಯಂತೆ ಹಾರಲಿ. ಅದನ್ನು ಎಲ್ಲೂ ಬರೆಯುವುದಿಲ್ಲ.